ಸಹಿ ಹಾಕಿ ಮನೆಗೊಯ್ಯುವುದೊಂದೇ ದಾರಿಯಲ್ಲ

ಮಾನ್ಯ ಸಂಪಾದಕರೇ,

ಐಸಿಯುನಲ್ಲಿ ಬಾಯಿಯ ಮೂಲಕ ಹಾಕಿದ ಉಸಿರಿನ ಕೊಳವೆಯನ್ನು ಸಾಮಾನ್ಯವಾಗಿ ಎರಡು ವಾರಕ್ಕಿಂತ ಹೆಚ್ಚು ಇಡುವುದಿಲ್ಲ. ಹತ್ತು–ಹನ್ನೆರಡನೇ ದಿನದ ಹೊತ್ತಿಗೆ ‘ಗಂಟಲಲ್ಲಿ ರಂಧ್ರ ಮಾಡಬೇಕು, ಸಹಿ ಹಾಕಿ’ ಎಂದು ಮನೆಯವರ ಕೈಗೆ ಫಾರಂ ಬರುತ್ತದೆ. ಚೇತರಿಕೆ ಸಾಧ್ಯವಿಲ್ಲವೆಂದು ವೈದ್ಯರಿಗೂ ಗೊತ್ತಿರುವ ರೋಗಿಗಳ ವಿಷಯದಲ್ಲಿ ಎಷ್ಟೋ ಕುಟುಂಬಗಳು ಆಗ ಬೇರೆಯದೇ ಫಾರಂಗೆ ಸಹಿ ಹಾಕುತ್ತವೆ: ‘ವೈದ್ಯರ ಸಲಹೆಗೆ ವಿರುದ್ಧವಾಗಿ ನಮ್ಮ ಜವಾಬ್ದಾರಿಯಲ್ಲಿ ಕರೆದೊಯ್ಯುತ್ತಿದ್ದೇವೆ’. ಕೈಯಿಂದ ಉಸಿರು ತುಂಬುವ ಅಂಬು ಬ್ಯಾಗ್ ಒತ್ತುತ್ತಾ ಆಂಬುಲೆನ್ಸ್ ಊರು ಮುಟ್ಟುತ್ತದೆ, ಜಗುಲಿಯ ಮೇಲೆ ಕೊಳವೆ ತೆಗೆದು ಸಿಬ್ಬಂದಿ ಹೊರಡುತ್ತಾರೆ. ಉಬ್ಬಸ ತಗ್ಗಿಸಲು ಒಂದು ಔಷಧವೂ ಮನೆಯಲ್ಲಿ ಇರುವುದಿಲ್ಲ. ಫಲವಿಲ್ಲದ ಚಿಕಿತ್ಸೆಯನ್ನು ಆಸ್ಪತ್ರೆಯಲ್ಲೇ ನಿಲ್ಲಿಸಲು ಕಾನೂನುಬದ್ಧ ದಾರಿ ಇರುವಾಗಲೂ ಹೀಗಾಗುತ್ತಿರುವುದು ಅನ್ಯಾಯ.

2018ರ ಮಾರ್ಚ್ 9ರಂದು ‘ಕಾಮನ್ ಕಾಸ್’ ಎಂಬ ಸಂಸ್ಥೆ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ದಾರಿ ತೋರಿತು, 2023ರ ಜನವರಿಯಲ್ಲಿ ಅದನ್ನು ಸರಳಗೊಳಿಸಿತು. ಜಾರಿಗಾಗಿ ನಮ್ಮ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಇದು ಚುಚ್ಚುಮದ್ದು ಕೊಟ್ಟು ಸಾಯಿಸುವುದಲ್ಲ. ಫಲವಿಲ್ಲದ ಜೀವರಕ್ಷಕ ಚಿಕಿತ್ಸೆಯನ್ನು ಆರಂಭಿಸದಿರುವುದು ಅಥವಾ ನಿಲ್ಲಿಸುವುದು, ಅಷ್ಟೇ. ಆರೈಕೆ ಮುಂದುವರಿಯುತ್ತದೆ.

ಕ್ರಮ ಹೀಗಿದೆ. ಚಿಕಿತ್ಸೆ ನೀಡುವ ವೈದ್ಯರು ಮತ್ತು ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರ ಪ್ರಾಥಮಿಕ ಮಂಡಳಿ ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಬಳಿಕ ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ಒಬ್ಬ ವೈದ್ಯರಿರುವ ಎರಡನೇ ಮಂಡಳಿ ಅದನ್ನು ಪರಿಶೀಲಿಸುತ್ತದೆ. ಎರಡೂ ಒಪ್ಪಿದರೆ, ಮನೆಯವರ ಲಿಖಿತ ಒಪ್ಪಿಗೆಯೂ ಇದ್ದರೆ, ಆಸ್ಪತ್ರೆ ಮೊದಲ ದರ್ಜೆ ಮ್ಯಾಜಿಸ್ಟ್ರೇಟರಿಗೆ ವಿಷಯ ತಿಳಿಸಬೇಕು. ತಿಳಿಸಿದರೆ ಸಾಕು, ಅನುಮತಿ ಬೇಕಿಲ್ಲ. ಆಸ್ಪತ್ರೆಗಳ ಕಾನೂನು ಸಲಹೆಗಾರರೇ ಎಡವುವುದು ಇಲ್ಲಿ. ‘ಕೋರ್ಟ್ ಆರ್ಡರ್ ತನ್ನಿ’ ಎಂದು ಮನೆಯವರನ್ನು ಸಾಗಹಾಕುತ್ತಾರೆ. ಹೈಕೋರ್ಟಿನ ಮಾತು ಬರುವುದು ಮಂಡಳಿ ನಿರಾಕರಿಸಿದಾಗ.

ಮುಂದೆ ತಾನೇ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ಪತ್ರವನ್ನು, ಅಂದರೆ ಲಿವಿಂಗ್ ವಿಲ್ ಅನ್ನು, ರೋಗಿ ಮೊದಲೇ ಬರೆದಿದ್ದರೆ ಮಕ್ಕಳ ಮೇಲಿನ ಭಾರ ಎಷ್ಟೋ ಇಳಿಯುತ್ತದೆ. ‘ಎಲ್ಲ ಪ್ರಯತ್ನ ಮಾಡಿ’ ಎನ್ನುವ ದುಬೈ ಮಗನಿಗೂ, ಹಾಸಿಗೆ ಪಕ್ಕ ಕೂತ ಮಗಳಿಗೂ ಆಗುವ ಜಗಳ ಅರ್ಧ ತಪ್ಪುತ್ತದೆ. ಆದರೆ ‘ಅನಗತ್ಯ ಚಿಕಿತ್ಸೆ ಬೇಡ’ ಎಂದಷ್ಟೇ ಬರೆದ ಕಾಗದ ಐಸಿಯುನಲ್ಲಿ ಕೆಲಸಕ್ಕೆ ಬಾರದು. ಯಾವುದು ಅನಗತ್ಯ ಎಂಬಲ್ಲೇ ತಕರಾರು ಶುರುವಾಗುತ್ತದೆ. ಎದೆ ಒತ್ತಿ ಹೃದಯ ಚಾಲೂ ಮಾಡುವುದು, ವೆಂಟಿಲೇಟರ್, ಡಯಾಲಿಸಿಸ್, ಮೂಗಿನ ಕೊಳವೆಯ ಆಹಾರ, ಒಂದೊಂದನ್ನೂ ಹೆಸರಿಸಿ ಬೇಕೋ ಬೇಡವೋ ಬರೆಯಬೇಕು. ನೋವಿನ ಔಷಧ ಬೇಕು ಎಂಬುದನ್ನೂ ಬರೆಯಬೇಕು. ತನ್ನ ಪರವಾಗಿ ನಿರ್ಧರಿಸುವವರು ಒಬ್ಬರಿಗಿಂತ ಹೆಚ್ಚಿರಲಿ. ಒಬ್ಬರು ಸಿಗದಿದ್ದರೆ ಇನ್ನೊಬ್ಬರು. ಇಬ್ಬರು ಸಾಕ್ಷಿಗಳು ಬೇಕು, ಆದಷ್ಟು ಹೊರಗಿನವರಾಗಿದ್ದರೆ ಒಳ್ಳೆಯದು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ದೃಢೀಕರಿಸಿದರೆ ಆಯಿತು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ಹಿಂಪಡೆಯಬಹುದು. ಪ್ರತಿಯನ್ನು ಕುಟುಂಬದ ವೈದ್ಯರಿಗೂ ಕೊಡಿ. ಬೀರುವಿನಲ್ಲಿ ಆಸ್ತಿಪತ್ರದ ಜೊತೆ ಕಟ್ಟಿಟ್ಟರೆ ಅದು ಸಿಗುವುದು ತಿಥಿಯ ನಂತರವೇ!

ಒಂದು ಪ್ರತಿ ಪಂಚಾಯಿತಿ ಅಥವಾ ನಗರಸಭೆಯ ನಿಯೋಜಿತ ಅಧಿಕಾರಿಗೂ ಹೋಗಬೇಕು. ಆ ಅಧಿಕಾರಿ ಯಾರೆಂದು ಪ್ರತಿ ಸ್ಥಳೀಯ ಸಂಸ್ಥೆಯೂ ಸೂಚನಾ ಫಲಕದಲ್ಲಿ ಹಾಕಲಿ. ಜಿಲ್ಲಾ ಆರೋಗ್ಯಾಧಿಕಾರಿಗಳು ಎರಡನೇ ಮಂಡಳಿಯ ವೈದ್ಯರ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿ ಆಸ್ಪತ್ರೆಗಳಿಗೆ ಕಳಿಸಲಿ. ಶನಿವಾರ ಸಂಜೆ ಹುಡುಕಲು ಹೊರಟರೆ 48 ಗಂಟೆ ಅಲ್ಲೇ ಕಳೆಯುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ನೋವು, ಉಬ್ಬಸ ತಗ್ಗಿಸುವ ಮಾರ್ಫಿನ್ ಮಾತ್ರೆ ಸಿಗುವಂತಾಗಲಿ. 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಇದಕ್ಕೆ ಹಿಂದಿನಷ್ಟು ಪರವಾನಗಿಗಳ ತೊಡಕಿಲ್ಲ. ಮನೆಗೆ ಹೋಗುವ ರೋಗಿಯ ಕೈಗೆ ಅದರ ಚೀಟಿ, ಜೊತೆಗೆ ಅದರಿಂದಾಗುವ ಮಲಬದ್ಧತೆಗೆ ಔಷಧ, ರಾತ್ರಿ ಕರೆ ಮಾಡಲು ಒಂದು ಫೋನ್ ನಂಬರ್ ಕೊಟ್ಟು ಕಳಿಸುವುದು ಆಸ್ಪತ್ರೆಯ ಹೊಣೆ.

— ಉಪಶಮನ ಆರೈಕೆ ವೈದ್ಯರು, ಧಾರವಾಡ