ಮಾಯದ ಗಾಯ ಮತ್ತು ಬಾಯಿ ಕ್ಯಾನ್ಸರ್

ಮಾನ್ಯ ಸಂಪಾದಕರೇ,

ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿಕೊಂಡರೆ ಕ್ಯಾನ್ಸರ್ ಹತ್ತಿರ ಸುಳಿಯದು ಎಂಬ ಧಾಟಿಯ ಬರಹಗಳೂ, ಕಷಾಯ, ಪುಡಿಗಳ ಜಾಹೀರಾತುಗಳೂ ಈಚೆಗೆ ಪತ್ರಿಕೆಗಳಲ್ಲಿ ಹೆಚ್ಚುತ್ತಿವೆ. ಇದು ಅರ್ಧ ಸತ್ಯ. ಅದೇ ರೋಗನಿರೋಧಕ ಶಕ್ತಿ ತಣ್ಣಗಾಗದೆ ಉರಿಯುತ್ತಲೇ ಇದ್ದರೆ ಕ್ಯಾನ್ಸರ್‌ಗೆ ದಾರಿಯಾಗಬಹುದು ಎಂಬ ಉಳಿದರ್ಧವನ್ನೂ ಅಡಿಕೆಯನ್ನು ಬೆಳೆಯುವ, ಅಗಿಯುವ ನಮ್ಮ ಚನ್ನಗಿರಿ ಸೀಮೆಯಲ್ಲಿ ಹೇಳಲೇಬೇಕು.

ಗಾಯವಾದಾಗ ಅಥವಾ ಸೋಂಕು ತಗುಲಿದಾಗ ಮೊದಲು ಎಚ್ಚರಗೊಳ್ಳುವುದು ನಮಗೆ ಹುಟ್ಟಿನಿಂದ ಬಂದ ಸಹಜ ರೋಗನಿರೋಧಕ ವ್ಯವಸ್ಥೆ. ಅದರಲ್ಲಿ ಅಪಾಯವನ್ನು ಪತ್ತೆಹಚ್ಚುವ, ಟೋಲ್ ಮಾದರಿಯ ಗ್ರಾಹಕಗಳೆಂಬ ಪ್ರೋಟೀನುಗಳು ರೋಗಾಣುಗಳನ್ನಷ್ಟೇ ಅಲ್ಲ, ಘಾಸಿಗೊಂಡ ನಮ್ಮದೇ ಜೀವಕೋಶಗಳಿಂದ ಸೋರಿದ ಅಂಶಗಳನ್ನೂ ಗುರುತಿಸುತ್ತವೆ. ಆ ಸಂಕೇತ ಸಿಕ್ಕೊಡನೆ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಕೋಶಕೇಂದ್ರವನ್ನು ಹೊಕ್ಕು ಉರಿಯೂತದ (ಗಾಯದ ಸುತ್ತ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುವ ಪ್ರತಿಕ್ರಿಯೆಯ) ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ಗಾಯ ಮಾಗಿದರೆ ಎಲ್ಲವೂ ತಣ್ಣಗಾಗುತ್ತದೆ. ವರ್ಷಗಟ್ಟಲೆ ತಣ್ಣಗಾಗದಿದ್ದರೆ, ಬಿಳಿ ರಕ್ತಕಣಗಳು ಹೊರಬಿಡುವ ತೀಕ್ಷ್ಣ ರಾಸಾಯನಿಕಗಳು ಡಿಎನ್‌ಎಯನ್ನು ಕೆಡಿಸುತ್ತವೆ, ಇಂಟರ್‌ಲ್ಯೂಕಿನ್-6ರಂತಹ ಸಂಕೇತ ಸಾಗಿಸುವ ಪ್ರೋಟೀನುಗಳು ಸಾಯಬೇಕಿದ್ದ ಕೋಶಗಳನ್ನು ಉಳಿಸಿ ವಿಭಜನೆಗೆ ಹಚ್ಚುತ್ತವೆ, ಹೊಸ ರಕ್ತನಾಳಗಳು ಮೂಡಿ ಕ್ಯಾನ್ಸರ್ ಗೆಡ್ಡೆಗೆ ಆಹಾರ ಒದಗಿಸುತ್ತವೆ. ಗೆಡ್ಡೆಗಳಲ್ಲಿ ಬಿಳಿ ರಕ್ತಕಣಗಳಿರುವುದನ್ನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಖೋ 1863ರಲ್ಲೇ ಗಮನಿಸಿದ್ದರು. ಅಮೆರಿಕದ ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಗೆಡ್ಡೆಯನ್ನು ಮಾಯದ ಗಾಯವೆಂದೇ ಕರೆದರು.

ಅಡಿಕೆಯ ವಿಷಯಕ್ಕೆ ಬರುತ್ತೇನೆ. ನಾನೂ ತೋಟದವನೇ, ಧಾರಣೆ ಕುಸಿದರೆ ನನಗೂ ನಿದ್ದೆ ಬಾರದು. ಆದರೂ ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯನ್ನು ಬಚ್ಚಿಡಲಾಗದು. ಸದಾ ಅಗಿಯುವವರ ಬಾಯೊಳಗೆ ಉರಿಯೂತ ನೆಲೆಯೂರುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕವು ಕೆನ್ನೆಯ ಒಳಪದರದಲ್ಲಿ ನಾರಿನಂಥ ಅಂಗಾಂಶವನ್ನು ಹೆಚ್ಚಿಸಿ ಅದನ್ನು ಬಿಗಿಯಾಗಿಸುತ್ತದೆ. ಮೊದಲು ಖಾರ ತಾಗಿದರೆ ಉರಿ, ಆಮೇಲೆ ಬಾಯಿ ತೆರೆಯಲಾಗದ ಸ್ಥಿತಿ. ಇಂಥವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ. ಗುಟ್ಕಾ 2013ರಲ್ಲೇ ರಾಜ್ಯದಲ್ಲಿ ನಿಷೇಧವಾಗಿದೆ. ಆದರೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಕೊಂಡು ಅಂಗೈಯಲ್ಲೇ ಬೆರೆಸಿಕೊಳ್ಳುವುದನ್ನು ಯಾರು ತಡೆದಾರು?

ಹಾಗೆಂದು ಉರಿಯೂತವನ್ನು ಅಡಗಿಸಿಬಿಟ್ಟರಾಯಿತು ಎಂದೂ ಅಲ್ಲ. ಹೃದ್ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಉರಿಯೂತವನ್ನು ಹೆಚ್ಚಿಸುವ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಪ್ರೋಟೀನನ್ನು ತಡೆಯುವ ಔಷಧ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಕಂಡುಬಂತು, ಆದರೆ ಸೋಂಕಿನಿಂದಾದ ಸಾವು ಹೆಚ್ಚಿತು. ಇತ್ತ ಮೂತ್ರಕೋಶದ ಕ್ಯಾನ್ಸರ್‌ಗೆ ಕ್ಷಯದ ಲಸಿಕೆಯಾದ ಬಿಸಿಜಿ ಹಾಕಿ ಬೇಕೆಂದೇ ಉರಿಯೂತ ಎಬ್ಬಿಸಿ ಚಿಕಿತ್ಸೆ ಮಾಡುವುದೂ ಉಂಟು. ಪುಡಿ ಮಾರುವವರು ಈ ಯಾವುದನ್ನು ಹೆಚ್ಚಿಸುತ್ತೇವೆ ಎನ್ನುತ್ತಾರೋ ತಿಳಿಯದು.

ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ತೂರುವಷ್ಟೂ ತೆರೆಯದ ಬಾಯಿ ಇವುಗಳಲ್ಲಿ ಯಾವುದು ಕಂಡರೂ ದಂತವೈದ್ಯರ ಬಳಿ ಹೋಗಬೇಕೆಂಬುದನ್ನು ಅಂಥ ಬರಹಗಳ ಪಕ್ಕದಲ್ಲೇ ಅಚ್ಚು ಮಾಡಬೇಕೆಂದು ಕೋರುತ್ತೇನೆ. ದಾವಣಗೆರೆಯ ದಂತವೈದ್ಯ ಕಾಲೇಜುಗಳು ಅಡಿಕೆ ಸುಲಿಯುವ ಹಂಗಾಮಿನಲ್ಲಿ, ಕೂಲಿಯವರು ಒಂದೆಡೆ ಸೇರಿರುವಾಗಲೇ, ಬಾಯಿ ತಪಾಸಣೆಯ ಶಿಬಿರ ನಡೆಸಿದರೆ ಅವರ ಒಂದು ದಿನದ ಕೂಲಿಯೂ ಉಳಿಯುತ್ತದೆ.

ಇತಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ,
ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ