ಸ್ಟರ್ನ್ ಅಂಡ್ ಸ್ಟರ್ನ್ ಅಣ್ಣತಮ್ಮಂದಿರಲ್ಲ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ಭಾನುವಾರದ ಪುರವಣಿಲಿ ಇನಿಯಾಕ್ ಅನ್ನೋ 1940ರ ದಶಕದ ಅಮೆರಿಕದ ಕಂಪ್ಯೂಟರ್ ಬಗ್ಗೆ ಬಂದ ಲೇಖನ ಓದಿದೆ, ಚೆನ್ನಾಗೇ ಇತ್ತು, ಆದ್ರೆ ಹರ್ಮನ್ ಗೋಲ್ಡ್‌ಸ್ಟೈನ್ ಬಗ್ಗೆ ಎರಡು ಪ್ಯಾರಾ ಬರೆದು ಕೊನೇಲಿ 'ಅವರ ಪತ್ನಿಯೂ ಕೈಜೋಡಿಸಿದ್ದರು' ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ರಲ್ಲ, ಅದಕ್ಕೇ ಈ ಪತ್ರ. ಆ ಪತ್ನಿಗೆ ಅಡೆಲ್ ಅಂತ ಹೆಸರಿದೆ. ಮಿಶಿಗನ್ ಯೂನಿವರ್ಸಿಟಿಲಿ ಗಣಿತ ಓದಿದವರು. ಗಂಡ ಸೈನ್ಯದ ಆಫೀಸರ್, ಫಿರಂಗಿ ಗುಂಡು ಎಲ್ಲಿ ಹೋಗಿ ಬೀಳುತ್ತೆ ಅನ್ನೋ ಲೆಕ್ಕ ಬೇಗ ಆಗ್ಲಿ ಅಂತ ಆ ಮೆಷಿನ್‌ಗಾಗಿ ಓಡಾಡಿದವರು, ಸರಿ. ಆದ್ರೆ ಬಲ್ಬಿನಂಥ ಸುಮಾರು 18 ಸಾವಿರ ವ್ಯಾಕ್ಯೂಮ್ ಟ್ಯೂಬ್ ಇದ್ದ, 30 ಟನ್ ತೂಕದ ಆ ದೈತ್ಯನಿಗೆ ಯಾವ ವೈರ್ ಎಲ್ಲಿ ಚುಚ್ಚಬೇಕು ಯಾವ ಸ್ವಿಚ್ ಹೇಗೆ ತಿರುಗಿಸಬೇಕು ಅಂತ ಮ್ಯಾನ್ಯುಯಲ್ ಬರೆದಿದ್ದು ಆಯಮ್ಮ, 1946ರಲ್ಲಿ. ಅದೇ ವರ್ಷ ಇಬ್ರೂ ಸೇರಿ ಇನಿಯಾಕ್ ಬಗ್ಗೆ ಒಂದು ಪೇಪರ್ ಕೂಡ ಪ್ರಕಟಿಸಿದ್ರು, ಹೆಸರು ಇಬ್ಬರದ್ದೂ ಇದೆ. ಅಡೆಲ್ 1964ರಲ್ಲೇ ತೀರಿಕೊಂಡ್ರು, ಐವತ್ತು ಕೂಡ ಆಗಿರ್ಲಿಲ್ಲ. ಹರ್ಮನ್ 2004ರ ತನಕ ಇದ್ರು, ಕಂಪ್ಯೂಟರ್ ಇತಿಹಾಸದ ಪುಸ್ತಕಾನೂ ಬರೆದ್ರು. ಬದುಕಿ ಉಳಿದವರ ಕಥೆ ಊರಿಗೆಲ್ಲ ಗೊತ್ತಾಯ್ತು, ಅಷ್ಟೇ.

ಇದು ನಂಗೆ ಯಾಕೆ ಇಷ್ಟು ಚುಚ್ಚಿತು ಅಂದ್ರೆ ನಾನೂ ಇಂಥದ್ದೇ ತಪ್ಪು ಮಾಡಿದವನೇ. 1998ರಲ್ಲಿ ವೈಟುಕೆ ಗಲಾಟೆ ಜೋರಾಗಿತ್ತು, ಹಳೇ ಪ್ರೋಗ್ರಾಂಗಳಲ್ಲಿ ಇಸವಿನ ಎರಡೇ ಅಂಕಿಲಿ ಇಟ್ಟಿದ್ರಿಂದ 2000 ಬಂದ್ರೆ ಲೆಕ್ಕ ಎಲ್ಲಾ ಕೆಡುತ್ತೆ ಅಂತ, ಕೋಬಾಲ್ ಅನ್ನೋ ಹಳೇ ಪ್ರೋಗ್ರಾಮಿಂಗ್ ಭಾಷೆ ಕಲಿತ್ರೆ ಅಮೆರಿಕ ಗ್ಯಾರಂಟಿ ಅಂತ ಬೆಂಗಳೂರಲ್ಲಿ ಗಲ್ಲಿಗೊಂದು ಇನ್‌ಸ್ಟಿಟ್ಯೂಟ್. ನಾನೂ ಸೇರ್ಕೊಂಡೆ. (ಅಮೆರಿಕಕ್ಕೆ ಹೋಗ್ಲಿಲ್ಲ, ಅದು ಬೇರೆ ಕಥೆ.) ಒಂದು ಫುಲ್‌ಸ್ಟಾಪ್ ಬಿಟ್ರೆ ಸಾಕು ಪರದೆ ತುಂಬಾ ಎರರ್, 12ನೇ ಕಾಲಮ್ಮಿಂದ (ಅಂದ್ರೆ ಸಾಲಿನ 12ನೇ ಅಕ್ಷರದ ಜಾಗದಿಂದ) ಶುರುಮಾಡ್ಬೇಕಾದ ಸಾಲನ್ನ 8ರಿಂದ ಬರೆದ್ರೆ ಮತ್ತೆ ಎರರ್. ಆಗ ನಮ್ಮೆಲ್ಲರಿಗೂ ದಿಕ್ಕು ಒಂದೇ, 'ಸ್ಟರ್ನ್ ಅಂಡ್ ಸ್ಟರ್ನ್'. ತಲೆದಿಂಬಿನಷ್ಟು ದಪ್ಪ ಕೋಬಾಲ್ ಪುಸ್ತಕ, ಬರೆದ ಇಬ್ಬರ ಅಡ್ಡಹೆಸರೂ ಸ್ಟರ್ನ್. ನಮ್ ಸರ್ ಅವರನ್ನ 'ಬ್ರದರ್ಸ್' ಅಂತಿದ್ರು, ಪಕ್ಕದಲ್ಲಿ ಕೂತ್ಕೋತಿದ್ದವನು ಅಪ್ಪ ಮಗ ಇರ್ಬೇಕು ಅಂತ ವಾದ ಮಾಡ್ತಿದ್ದ. ನಾನು ಅವೆನ್ಯೂ ರೋಡಲ್ಲಿ ಕೊಂಡ ಪ್ರತಿಗೆ ಕವರೂ ಇಲ್ಲ ಮೊದಲನೇ ಪುಟಾನೂ ಇಲ್ಲ, ಕಂದು ರಟ್ಟು ಹಾಕಿ ಬೈಂಡ್ ಮಾಡಿದ್ರು, ಹಾಗಾಗಿ ವಾದ ಬಗೆಹರೀಲೇ ಇಲ್ಲ.

ಎಷ್ಟೋ ವರ್ಷದ ಮೇಲೆ ಗೊತ್ತಾಯ್ತು, ಒಬ್ರು ನ್ಯಾನ್ಸಿ, ಇನ್ನೊಬ್ರು ರಾಬರ್ಟ್, ಹೆಂಡತಿ ಗಂಡ, ಪುಸ್ತಕದ ಮೇಲೆ ಹೆಂಡತಿ ಹೆಸರೇ ಮೊದಲು. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡಲ್ಲಿ ಆಕೆ ಹಾಫ್‌ಸ್ಟ್ರಾ ಯೂನಿವರ್ಸಿಟಿಲಿ ಪಾಠ ಮಾಡ್ತಿದ್ರೆ ಆತ ನಸ್ಸಾವ್ ಕಮ್ಯುನಿಟಿ ಕಾಲೇಜಲ್ಲಿ. 1970ರ ಸುಮಾರಿಗೆ ಶುರುವಾದ ಪುಸ್ತಕ ಹತ್ತಕ್ಕೂ ಹೆಚ್ಚು ಆವೃತ್ತಿ ಕಂಡಿದೆ. ಹುಡುಗ್ರು ಎಲ್ಲಿ ಎಡವುತ್ತಾರೆ ಅಂತ ದಿನಾ ಕ್ಲಾಸಲ್ಲಿ ನೋಡೋ ಇಬ್ಬರು ಮೇಷ್ಟ್ರುಗಳು ಒಂದೇ ಮನೇಲಿದ್ರೆ ಪುಸ್ತಕ ಹಾಗೆ ಬರುತ್ತೆ ಅಂತ ನನ್ನ ಊಹೆ.

ಇನ್ನೊಂದು ವಿಷ್ಯ ಕೇಳಿ, ಈ ನ್ಯಾನ್ಸಿ ಬರೀ ಕೋಬಾಲ್ ಮೇಡಂ ಅಲ್ಲ. ಕಂಪ್ಯೂಟರ್ ಇತಿಹಾಸಕಾರರು, ಇನಿಯಾಕ್‌ನಿಂದ ಆಮೇಲೆ ಬಂದ ಯೂನಿವ್ಯಾಕ್ ಕಂಪ್ಯೂಟರ್ ತನಕದ ಕಥೆ ಬರೆದು 1981ರಲ್ಲಿ ಪುಸ್ತಕ ತಂದವರು. ಅದಕ್ಕೂ ಹಿಂದಿನ ವರ್ಷ ಇದೇ ಹರ್ಮನ್ ಗೋಲ್ಡ್‌ಸ್ಟೈನ್ ಅವರ ಮುಂದೆ ಕೂತು ಸಂದರ್ಶನ ಮಾಡಿದ್ರು. ಅಂದ್ರೆ ನಿಮ್ಮ ಲೇಖನದ ಹರ್ಮನ್ನೂ ನನ್ನ ರಟ್ಟಿನ ಪುಸ್ತಕದ ನ್ಯಾನ್ಸಿನೂ ಎದುರುಬದುರು ಕೂತು ಮಾತಾಡಿದಾರೆ!

ಅದಕ್ಕೆ ಸಂಪಾದಕರೇ, ದೊಡ್ಡದೇನೂ ಬೇಡ, ಮುಂದಿನ ವಾರ ತಿದ್ದುಪಡಿ ಅಂತ ಮೂಲೇಲಿ ಹಾಕ್ತೀರಲ್ಲ, ಅಲ್ಲಿ 'ಅಡೆಲ್ ಗೋಲ್ಡ್‌ಸ್ಟೈನ್, ಮ್ಯಾನ್ಯುಯಲ್ ಬರೆದವರು' ಅಂತ ಒಂದು ಸಾಲು ಹಾಕಿ. ನನ್ನ ಪುಸ್ತಕದ ರಟ್ಟಿನ ಮೇಲೆ ಆಗ ನಾನೇ ಪೆನ್ನಲ್ಲಿ 'ಸ್ಟರ್ನ್ ಬ್ರದರ್ಸ್' ಅಂತ ಬರೆದಿದ್ದೆ, ನಿನ್ನೆ ಅದನ್ನ ಹೊಡೆದು ಸರಿ ಮಾಡಿದೀನಿ.

ಇಂತಿ,
ಹಳೇ ಕೋಬಾಲ್ ಪ್ರೋಗ್ರಾಮರ್, ಬೆಂಗಳೂರು