ಅಣೆಕಟ್ಟು ಬೇಡ ಮಾರಾಯಾ, ಶೀಟ್ ಕಳಿಸು

ಹಿರಿಯಡ್ಕ
ನವೆಂಬರ್ ಕೊನೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಬಂದು ಹತ್ತು ದಿನ ಆಯ್ತು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಇದು ಹೂಂ, ಊಹೂಂ ಅಂತ ಮುಗಿಯುವ ವಿಷಯ ಅಲ್ಲ. ನಿಮ್ಮ ಕಂಪನಿ ಸಮಾಜಕ್ಕೆ ಅಂತ ಇಡುವ ಸಿಎಸ್‌ಆರ್ ದುಡ್ಡಿನಲ್ಲಿ ನಮ್ಮ ತೋಡಿಗೆ, ಅಂದರೆ ಹಳ್ಳಕ್ಕೆ, ಒಂದು ಕಾಂಕ್ರೀಟ್ ಕಿಂಡಿ ಅಣೆಕಟ್ಟು ಕಟ್ಟಿಸಿ ಕೊಡುತ್ತೇನೆ ಅಂದೆಯಲ್ಲ, ಅದು ಬೇಡ. ಕೋಪ ಮಾಡಬೇಡ, ಪೂರ್ತಿ ಓದು.

ಕಿಂಡಿ ಅಣೆಕಟ್ಟು ನಮ್ಮಲ್ಲಿ ಒಂದು ಉಂಟು. ತೋಡು ಸ್ವರ್ಣಾ ನದಿಗೆ ಸೇರುವಲ್ಲಿಗಿಂತ ಸ್ವಲ್ಪ ಮೇಲೆ. ಶಾಲೆಗೆ ಹೋಗುವಾಗ ಅದರ ಮೇಲೆಯೇ ದಾಟುತ್ತಿದ್ದೆವು, ನೆನಪುಂಟಾ? ಮಳೆ ನಿಂತ ಮೇಲೆ ಕಿಂಡಿಗಳಿಗೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಬೇಕು. ಮುಂದಿನ ಮಳೆಗೆ ಮೊದಲು ತೆಗೆಯಬೇಕು. ಸುರುವಿಗೆ ಎರಡು ವರ್ಷ ಹಾಕಿದರು. ಆಮೇಲೆ ಕೆಲವು ಹಲಗೆ ಗೆದ್ದಲು ತಿಂದಿತು, ಕೆಲವು ಯಾರದೋ ಕೊಟ್ಟಿಗೆಯ ಅಟ್ಟ ಸೇರಿದವು. ಹೊಸದು ಕೇಳಲು ಹೋದರೆ ಒಂದು ಕಚೇರಿಯವರು ಇನ್ನೊಂದು ಕಚೇರಿ ತೋರಿಸಿದರು. ನಾವೂ ಸರ್ಕಾರದ್ದಲ್ವಾ ಅಂತ ಸುಮ್ನೆ ಕೂತೆವು. ಈಗ ಅದು ಬಟ್ಟೆ ಒಗೆಯಲು, ಗಾಳ ಹಾಕಲು ಒಳ್ಳೆಯದು. ನೀನು ಇನ್ನೊಂದು ಕಟ್ಟಿಸಿದರೆ ಗಾಳ ಹಾಕಲು ಇನ್ನೊಂದು ಜಾಗ ಆಗುತ್ತದೆ, ಅಷ್ಟೆ.

ನಾವು ಮೂರು ವರ್ಷದಿಂದ ಹಾಕುತ್ತಿರುವುದು ಕಟ್ಟ, ಅಂದರೆ ವರ್ಷ ವರ್ಷ ಹಾಕಿ ಬಿಚ್ಚುವ ತಾತ್ಕಾಲಿಕ ಒಡ್ಡು. ನಮ್ಮ ಅಜ್ಜಂದಿರು ಕಲ್ಲು, ಮಣ್ಣು, ಸೊಪ್ಪು ಮೆಟ್ಟಿ ಹಾಕುತ್ತಿದ್ದರಲ್ಲ, ಅದೇ. ಮಳೆಗಾಲದ ಏಣೇಲು ಭತ್ತದ ಬೆಳೆಗೆ ಮಳೆ ಸಾಕು. ಎರಡನೇ ಬೆಳೆ ಸುಗ್ಗಿಗೂ ಬೇಸಗೆಯ ಮೂರನೇ ಬೆಳೆ ಕೊಳಕೆಗೂ ಕಟ್ಟದ ನೀರು ಬೇಕಿತ್ತು. ಪಂಪು ಬಂತು, ಗದ್ದೆಗಳು ಅಡಿಕೆ ತೋಟವಾದವು, ಕೆಲವು ಬೇಸಾಯ ಇಲ್ಲದೆ ಹಡಿಲು ಬಿದ್ದವು. ಪಂಪಿನ ಸ್ವಿಚ್ ಹಾಕಲು ಪಕ್ಕದ ಮನೆಯವನನ್ನು ಕರೆಯಬೇಕಾಗಿಲ್ಲ ನೋಡು, ಹಾಗಾಗಿ ಕಟ್ಟ ಹಾಕುವುದೇ ನಿಂತುಹೋಯಿತು. ಪುತ್ತೂರಿನ ‘ಅಡಿಕೆ ಪತ್ರಿಕೆ’ ಮಾಸಿಕದಲ್ಲಿ ಪತ್ರಕರ್ತ ಶ್ರೀ ಪಡ್ರೆಯವರು ಕಟ್ಟದ ಬಗ್ಗೆ ಬರೆದದ್ದನ್ನೆಲ್ಲ ಅಪ್ಪ ಕತ್ತರಿಸಿ ಇಡುತ್ತಿದ್ದರು. ಓದಿ ಮಡಚಿ ಇಟ್ಟದ್ದೇ ಬಂತು, ಹಾರೆ ಹಿಡಿದವರು ಯಾರೂ ಇಲ್ಲ. ಟ್ಯಾಂಕರ್ ನೀರು ಕುಡಿಯುವ ಹಾಗಾದ ಮೇಲೆಯೇ ನಮಗೆ ಬುದ್ಧಿ ಬಂದದ್ದು. ನಿಮ್ಮ ಬೆಂಗಳೂರಿಗೆ ವರ್ಷಕ್ಕೆ 900 ಮಿ.ಮೀ. ಚಿಲ್ಲರೆ ಮಳೆ. ನಮ್ಮಲ್ಲಿ 4000ದ ಆಸುಪಾಸು. ಆದರೂ ಏಪ್ರಿಲಿನಲ್ಲಿ ಟ್ಯಾಂಕರ್! ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ತೋಡಿಗೆ ಬಿಡುತ್ತದೆ. ತೋಡು ಸಮುದ್ರಕ್ಕೆ.

ಮೊದಲ ವರ್ಷ ನಾವು ಮಾಡಿದ ಪೆದ್ದುತನ ಹೇಳಬೇಕು. ಖಾಲಿ ಸಿಮೆಂಟ್ ಚೀಲಗಳಿಗೆ ಮರಳು ಬಿಗಿಯಾಗಿ ತುಂಬಿ, ಬಾಯಿ ಹೊಲಿದು, ಗೋಡೆಯ ಹಾಗೆ ಪೇರಿಸಿದೆವು. ಸಂಜೆ ಫೋಟೋ ತೆಗೆದು ಗ್ರೂಪಿಗೂ ಹಾಕಿಯಾಯ್ತು. ಬೆಳಿಗ್ಗೆ ಹೋಗಿ ನೋಡಿದರೆ ಮೇಲೆ ಒಣಗಿದ ಗೋಡೆ, ಅಡಿಯಿಂದ ತೋಡು ತನ್ನ ಪಾಡಿಗೆ ಹರಿಯುತ್ತಾ ಉಂಟು. ಆಚೆ ದಡದ ಅಜ್ಜ, ಕಣ್ಣು ಸರಿ ಕಾಣದವರು, ಕೋಲಿನಿಂದ ಒಂದು ಚೀಲ ತಟ್ಟಿ ಹೇಳಿದರು: "ಹೊಟ್ಟೆ ತುಂಬಿದವ ಒತ್ತಿ ಕೂರ್ತಾನಾ? ಮುಕ್ಕಾಲು ತುಂಬಿಸಿ." ಹೌದು, ಮುಕ್ಕಾಲು ತುಂಬಿದ ಚೀಲ ಕಾಲಲ್ಲಿ ಮೆಟ್ಟಿದರೆ ಚಪ್ಪಟೆಯಾಗಿ ಪಕ್ಕದ್ದಕ್ಕೆ ಅಂಟಿ ಕೂರುತ್ತದೆ. ತಳದ ಮರಳನ್ನು ಗಟ್ಟಿ ನೆಲ ಸಿಗುವವರೆಗೆ ತೆಗೆಯಬೇಕು ಅಂತಲೂ ಅವರೇ ಹೇಳಿದ್ದು. ಈಗ ಚೀಲದ ಗೋಡೆಯ ಮೇಲ್ಬದಿಗೆ, ನೀರು ಬರುವ ಕಡೆಗೆ, ಸಿಲ್ಪಾಲಿನ್ ಅನ್ನುವ ದಪ್ಪ ಪ್ಲಾಸ್ಟಿಕ್ ಶೀಟ್ ಹಾಸುತ್ತೇವೆ. ಅದರ ಕೆಳ ಅಂಚನ್ನು ತೋಡಿನ ತಳದಲ್ಲಿ ಮುಂದಕ್ಕೆ ಚಾಚಿ ಕಲ್ಲು, ಮಣ್ಣು ಹೇರುತ್ತೇವೆ. ನೀರು ಏರಿದಷ್ಟೂ ಅದರ ಭಾರಕ್ಕೇ ಶೀಟ್ ಗೋಡೆಗೆ ಒತ್ತಿಕೊಳ್ಳುತ್ತದೆ. ಹೆಚ್ಚಾದ ನೀರು ಮೇಲಿಂದ ಹಾರಿ ಹೋಗುತ್ತದೆ. ಮೇ ಕೊನೆಗೆ ಬಿಚ್ಚಿ, ಶೀಟ್ ತೊಳೆದು ಮಡಚಿ ಅಟ್ಟಕ್ಕೆ. ಬಿಚ್ಚದಿದ್ದರೆ ಮೊದಲ ಮಳೆಗೇ ದಡ ಕೊರೆದು ಹೋಗುತ್ತದೆ, ಪ್ಲಾಸ್ಟಿಕ್ಕೂ ಮಲ್ಪೆ ಸಮುದ್ರದ ಕಡೆಗೆ ಹೊರಡುತ್ತದೆ.

ಜಗಳ ಆಗಲಿಲ್ಲವಾ ಅಂತ ಕೇಳುತ್ತೀ. ಆಯ್ತು. ಎರಡನೇ ವರ್ಷ ಹಿನ್ನೀರು ಮೇಲಿನ ಮನೆಯವರ ಅಡಿಕೆ ಬುಡದಲ್ಲಿ ನಿಂತಿತು. ಅವರು ರಾತ್ರಿ ಬಂದು ಶೀಟ್ ಸೀಳಿದರು. ಬೆಳಿಗ್ಗೆ ದೊಡ್ಡ ಗಲಾಟೆ. ಕೊನೆಗೆ ಅವರ ತೋಟದಲ್ಲೇ ನಿಂತು ನೋಡಿದೆವು. ತಪ್ಪು ನಮ್ಮದೇ, ಅವರನ್ನು ಕೇಳದೆ ಎತ್ತರ ಮಾಡಿದ್ದೆವು. ಎರಡು ಸಾಲು ಚೀಲ ಇಳಿಸಿದೆವು. ಈಗ ಎತ್ತರ ಎಷ್ಟು ಅಂತ ಹೇಳುವವರು ಅವರೇ, ಕಟ್ಟದ ದಿನ ಗಂಜಿ, ಚಟ್ನಿಯೂ ಅವರ ಮನೆಯದ್ದೇ.

ಕಟ್ಟದ ನೀರು ಇಂಗಿ ಬಾವಿಗೆ ಎಷ್ಟು ಬಂತು ಅಂತ ಕೇಳಿದರೆ, ಅಳೆಯಲು ನನ್ನ ಹತ್ತಿರ ಮೀಟರ್ ಇಲ್ಲ. ಅಮ್ಮನ ಬಾವಿ ಹಗ್ಗ ಉಂಟು. ಏಪ್ರಿಲಿನ ಬಿಸು ಹಬ್ಬ ಬರುವಾಗ ಹಗ್ಗ ಸಾಲದೆ ಅವಳು ಒಂದು ತುಂಡು ಗಂಟು ಹಾಕುತ್ತಿದ್ದಳು. ಈ ವರ್ಷ ಆ ತುಂಡು ಮೇ ತಿಂಗಳಲ್ಲೂ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಗುಡ್ಡೆಯ ಮೇಲಿನ ನಾಲ್ಕು ಮನೆಗೆ ಮಾತ್ರ ಏನೂ ಪ್ರಯೋಜನ ಆಗಿಲ್ಲ, ಅಲ್ಲಿಗೆ ಈಗಲೂ ಟ್ಯಾಂಕರ್. ಆದರೂ ಆ ಮನೆಯ ಇಬ್ಬರು ಹುಡುಗರು ಚೀಲ ಹೊರಲು ಬರುತ್ತಾರೆ. ಅವರ ಮುಖ ನೋಡುವಾಗ ನನಗೆ ನಾಚಿಕೆ ಆಗುತ್ತದೆ.

ಈ ಸಲ ಇನ್ನೂ ಮೂರು ಕಟ್ಟ ಹಾಕುವ ಅಂತ ಉಂಟು. ಕೆಳಗಿನದರ ಹಿನ್ನೀರು ಮೇಲಿನದರ ಬುಡ ಮುಟ್ಟಬೇಕು, ಆಗ ತೋಡು ಉದ್ದಕ್ಕೂ ತುಂಬಿರುತ್ತದೆ. ಅದಕ್ಕೆ ಶೀಟ್ ಬೇಕು. ಅರ್ಧ ದುಡ್ಡು ನೀವು ಕೊಡಿ, ಉಳಿದರ್ಧ ನಾವು ಮನೆಗಿಷ್ಟು ಅಂತ ಹಾಕುತ್ತೇವೆ. ಪೂರ್ತಿ ಕೊಟ್ಟರೆ ಶೀಟ್ ಹರಿದ ದಿನ ನಿನಗೇ ಫೋನ್ ಮಾಡುತ್ತೇವೆ, ನಮ್ಮ ಜನ ನಿನಗೆ ಗೊತ್ತಲ್ಲ. ಕಂಪನಿಯ ಹೆಸರಿನ ಕಲ್ಲು ಹಾಕಲು ಜಾಗ ಇಲ್ಲ ಅಂತ ನಿಮ್ಮವರಿಗೆ ಈಗಲೇ ಹೇಳಿಬಿಡು.

ಡಿಸೆಂಬರ್ ಎರಡನೇ ಭಾನುವಾರ ಕೆಲಸ ಸುರು. ಆಮೇಲೆ ಬಂದರೆ ಆಗಲಿಕ್ಕಿಲ್ಲ, ತೋಡಿನಲ್ಲಿ ಹರಿವು ಇರುವಾಗಲೇ ಹಾಕಬೇಕು. ಶನಿವಾರ ರಾತ್ರಿಯ ಬಸ್ಸು ಹತ್ತಿ ಬಾ, ಹಳೇ ಪ್ಯಾಂಟ್ ತಾ. ಮತ್ತೆ ನಿನ್ನ ತಮ್ಮನ ಹೊಸ ಮನೆಯ ಕೆಲಸದ ಸಿಮೆಂಟ್ ಚೀಲಗಳು ರಾಶಿ ಬಿದ್ದಿವೆ ಅಂತ ಅಮ್ಮ ಹೇಳಿದಳು. ಬಿಸಾಡಬೇಡ ಅಂತ ಅವನಿಗೆ ಹೇಳು, ನಾನೇ ರಿಕ್ಷಾ ತಕ್ಕೊಂಡು ಹೋಗಿ ತರುತ್ತೇನೆ.

ನಿನ್ನವ,
ತೋಡಿನ ಈಚೆ ದಡದವ